ಅಂತರಸನಹಳ್ಳಿ ಕಡೆಯ ಒಂದು ಮರಗೆಲಸದ ಅಂಗಡಿ: ಮಾಡಿದ ಕೆಲಸ ಮತ್ತು ಬಾಕಿಯ ತಕರಾರು ತೀರಿಸಿದ ರೀತಿ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಕಡೆಯಿರುವ ಒಂದು ಸಣ್ಣ ಮರಗೆಲಸದ ಅಂಗಡಿಯಿಂದ ನಾವು ಕ್ಯಾತ್ಸಂದ್ರದ ನಮ್ಮ ಹೊಸ ಮನೆಗೆ ಅಡುಗೆಮನೆಯ ಕಬೋರ್ಡು, ಮಲಗುವ ಕೋಣೆಯ ವಾರ್ಡ್‌ರೋಬು ಮತ್ತು ಅದರ ಮೇಲಿನ ಲಾಫ್ಟಿನ ಬಾಗಿಲುಗಳನ್ನು ಮಾಡಿಸಿಕೊಂಡೆವು. ಕೆಲಸ ಮುಗಿಯುವ ಹೊತ್ತಿಗೆ ಬಾಕಿ ಹಣದ ವಿಷಯವಾಗಿ ಅವರಿಗೂ ನಮಗೂ ತಕರಾರು ಬಂತು. ಅದು ಪೊಲೀಸ್ ಠಾಣೆಗಾಗಲಿ ಕೋರ್ಟಿಗಾಗಲಿ ಹೋಗದೆ, ಎರಡೂ ಕಡೆಯವರು ಒಪ್ಪುವ ಲೆಕ್ಕದಲ್ಲಿ ತೀರಿತು. ಕಬೋರ್ಡು ಚೆನ್ನಾಗಿದೆಯೇ ಇಲ್ಲವೇ ಎಂದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಹಣದ ಮಾತು ಕೆಟ್ಟಾಗ ಅಂಗಡಿಯವರು ಹೇಗೆ ನಡೆದುಕೊಂಡರು ಎಂಬುದನ್ನು ಬರೆಯುವವರು ಕಡಿಮೆ. ಮನೆ ಕಟ್ಟಿಸುತ್ತಿರುವವರಿಗೆ ಈ ಎರಡನೆಯದೇ ಹೆಚ್ಚು ಉಪಯೋಗಕ್ಕೆ ಬರುವುದರಿಂದ ಈ ವಿಮರ್ಶೆಯ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಲೆಕ್ಕದ ವಿವರಗಳನ್ನು ಬಿಡಿಸಿ ಬರೆಯುತ್ತಿರುವ ಕಾರಣ ಅಂಗಡಿಯ ಹೆಸರನ್ನು ಇಲ್ಲಿ ಹಾಕಿಲ್ಲ. ಅದರ ಮಾಲೀಕರನ್ನು ನಾವು ಕರೆಯುವಂತೆಯೇ ಆಚಾರ್ರು ಎಂದೇ ಬರೆಯುತ್ತೇನೆ.

ಮೊದಲು ಕೆಲಸದ ಗುಣಮಟ್ಟ. ಕಬೋರ್ಡಿಗೂ ವಾರ್ಡ್‌ರೋಬಿಗೂ ಐಎಸ್ 710 ಮುದ್ರೆಯಿರುವ ಮೆರೈನ್ (ನೀರು ತಡೆಯುವ) ಪ್ಲೈವುಡ್ ಹಾಕುವುದೆಂದು ಮಾತಾಗಿತ್ತು. ಐಎಸ್ 303 ಎಂಬುದು ಸಾಮಾನ್ಯ ಬಳಕೆಯ ಪ್ಲೈವುಡ್ಡಿನ ಮಾನಕ; ನೀರು ತಾಗುವ ಕಡೆ 710 ಹಾಕಿಸುವುದು ಒಳ್ಳೆಯದು, ಅದಕ್ಕೆ ತಕ್ಕಂತೆ ಬೆಲೆಯೂ ಹೆಚ್ಚು. ಆದರೆ ಹಲಗೆಯನ್ನು ಕೊಯ್ದು ಮೇಲೆ ಮೈಕಾ ಅಂಟಿಸಿದ ನಂತರ ಒಳಗಿರುವುದು ಯಾವ ಪ್ಲೈವುಡ್ ಎಂದು ಗಿರಾಕಿಗೆ ತಿಳಿಯುವ ದಾರಿಯೇ ಇರುವುದಿಲ್ಲ. ಆಚಾರ್ರು ಕೊಯ್ಯುವ ಮೊದಲೇ ನಮ್ಮನ್ನು ಅಂಗಡಿಗೆ ಕರೆಸಿ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಹಲಗೆಗಳ ಮೇಲಿನ ಐಎಸ್‌ಐ ಗುರುತನ್ನು ಒಂದೊಂದಾಗಿ ತೋರಿಸಿದರು. ಮುದ್ರೆಯಿದ್ದ ಒಂದು ತುಂಡನ್ನು ಎಸೆಯದೆ ಉಳಿಸಿ, ಕಬೋರ್ಡು ಜೋಡಿಸಿದ ದಿನ ಸಿಂಕಿನ ಕೆಳಗಿನ ಖಾನೆಯಲ್ಲಿ ಇಟ್ಟು ಹೋದರು. ಅದು ಈಗಲೂ ಅಲ್ಲೇ ಇದೆ. ಶಟರುಗಳ, ಅಂದರೆ ಕಬೋರ್ಡಿನ ಬಾಗಿಲುಗಳ, ಸಂದು ಒಂದೇ ಸಮ ಬಂದಿದೆ, ಹಿಂಜುಗಳು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ, ಮಳೆಗಾಲದಲ್ಲಿ ಯಾವ ಬಾಗಿಲೂ ಉಬ್ಬಲಿಲ್ಲ. ಕೆಲಸದ ಬಗ್ಗೆ ನನಗಿರುವ ದೂರುಗಳನ್ನು ಮುಂದೆ ಹೇಳುತ್ತೇನೆ, ಅವು ಸಣ್ಣವು.

ದರದ ಮಾತು ಹೀಗಿತ್ತು. ಕಬೋರ್ಡು ಮತ್ತು ವಾರ್ಡ್‌ರೋಬಿಗೆ ಎದುರಿನ ಮುಖದ ಅಳತೆಯಂತೆ ಚದರಡಿಗೆ 1,450 ರೂಪಾಯಿ. ಇದರಲ್ಲಿ ಹೊರಗಿನ ಮೈಕಾ, ಒಳಗಿನ ಮೈಕಾ, ಸಾಮಾನ್ಯ ಹಿಂಜು ಮತ್ತು ಕೂಲಿ ಎಲ್ಲ ಸೇರಿರುತ್ತದೆ. ಟ್ಯಾಂಡಮ್ ಡ್ರಾಯರು (ಚಾನೆಲ್ ಮೇಲೆ ಸಲೀಸಾಗಿ ಜಾರುವ ಡ್ರಾಯರು), ಮಸಾಲೆ ಡಬ್ಬಿಗಳನ್ನಿಟ್ಟು ಹೊರಗೆಳೆಯುವ ಪುಲ್‌ಔಟ್ ಮೊದಲಾದವುಗಳ ಹಣ ಬೇರೆ. ಲಾಫ್ಟಿಗೆ ಎಷ್ಟು ಎಂದು ಬಾಯಲ್ಲಿ ಹೇಳಿದ್ದರು, ಅಂದಾಜು ಪಟ್ಟಿಯಲ್ಲಿ 'ಲಾಫ್ಟ್ ಸಹಿತ' ಎಂದಷ್ಟೇ ಇತ್ತು. ಕೆಲಸ ಶುರುವಾಗುವಾಗ 80,000 ರೂಪಾಯಿ ಮುಂಗಡ ಕೊಟ್ಟೆವು, ಶಟರುಗಳು ಮನೆಗೆ ಬಂದಾಗ ಇನ್ನೂ 60,000 ಕೊಟ್ಟೆವು. ಎರಡೂ ಯುಪಿಐ ಮೂಲಕ ಹೋದದ್ದರಿಂದ ಆ 1,40,000ದ ಬಗ್ಗೆ ಯಾವತ್ತೂ ಎರಡು ಮಾತು ಬರಲಿಲ್ಲ.

ಕೊನೆಯ ಬಿಲ್ಲು 2,23,950 ರೂಪಾಯಿಗೆ ಬಂತು; ಮುಂಗಡ ಕಳೆದು ಕೊಡಬೇಕಾದದ್ದು 83,950. ನಮ್ಮ ಲೆಕ್ಕದಲ್ಲಿ ಒಟ್ಟು 1,90,175 ಆಗಬೇಕಿತ್ತು, ಬಾಕಿ 50,175. ನಡುವೆ ಇದ್ದ ವ್ಯತ್ಯಾಸ 33,775 ರೂಪಾಯಿ. ಮನೆ ಕಟ್ಟಿಸಿದವರಿಗೆ ಗೊತ್ತಿರುವಂತೆ, ಆ ಹೊತ್ತಿಗೆ ಬ್ಯಾಂಕಿನ ಸಾಲದ ಹಣವೂ ಕೈಯಲ್ಲಿದ್ದ ಹಣವೂ ಮುಗಿದಿರುತ್ತದೆ. ಮೂವತ್ತು ಸಾವಿರ ಎಂಬುದು ಸಣ್ಣ ಮೊತ್ತವಾಗಿ ಕಾಣುವುದಿಲ್ಲ.

ಇಂಥ ಜಗಳ ಸಾಮಾನ್ಯವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಇದೇ ಮನೆಯ ಬಣ್ಣದ ಕೆಲಸದಲ್ಲಿ ನೋಡಿದ್ದೆವು. ಬಣ್ಣದ ಗುತ್ತಿಗೆದಾರರು ಒಟ್ಟು ಮೊತ್ತವನ್ನು ಹಿಡಿದು ಕುಳಿತರು, ನಮ್ಮ ಯಜಮಾನರು ಬೇರೊಂದು ಮೊತ್ತವನ್ನು ಹಿಡಿದು ಕುಳಿತರು, ಅವರು ಏಣಿ ಎತ್ತಿಕೊಂಡು ಹೋದರು, ಎರಡು ಗೋಡೆ ಪ್ರೈಮರಿನಲ್ಲೇ ಉಳಿದವು. ಯಾವ ಕೆಲಸಕ್ಕೆ ಎಷ್ಟು, ಯಾವ ಅಳತೆಗೆ ಎಷ್ಟು ಎಂದು ಯಾರೂ ಬಿಡಿಸಿ ನೋಡಲಿಲ್ಲ. ಕೊನೆಗೆ ಪರಿಚಯದವರೊಬ್ಬರು 'ಮಧ್ಯಕ್ಕೆ ಕಡಿದುಕೊಳ್ಳಿ' ಎಂದರು, ಹಾಗೆಯೇ ಆಯಿತು. ಮಧ್ಯಕ್ಕೆ ಕಡಿಯುವುದರಿಂದ ಜಗಳ ನಿಲ್ಲುತ್ತದೆ, ನಿಜ. ಆದರೆ ಹೆಚ್ಚು ಕೇಳಿದವರಿಗೆ ಲಾಭ, ಸರಿಯಾಗಿ ಕೇಳಿದವರಿಗೆ ನಷ್ಟ. ಅಂಥ ರಾಜಿ ಎರಡು ಕಡೆಯವರ ಮನಸ್ಸಿನಲ್ಲೂ ಮೋಸ ಹೋದೆವೆಂಬ ಭಾವನೆಯನ್ನೇ ಉಳಿಸುತ್ತದೆ.

ಆಚಾರ್ರ ನಡವಳಿಕೆ ಇದಕ್ಕಿಂತ ಬೇರೆಯಾಗಿತ್ತು. ಬಿಲ್ಲು ಹೆಚ್ಚಾಯಿತೆಂದು ನಾವು ಫೋನಿನಲ್ಲಿ ಹೇಳಿದಾಗ ಅವರು ಫೋನಿನಲ್ಲಿ ವಾದಕ್ಕೆ ಇಳಿಯಲಿಲ್ಲ. ಸಂಜೆ ಕೆಲಸದ ಹುಡುಗರನ್ನು ಮನೆಗೆ ಕಳಿಸಿದ ನಂತರ, ಒಬ್ಬರೇ, ತಮ್ಮ ಲೆಕ್ಕದ ಪುಸ್ತಕ ಮತ್ತು ಟೇಪು ಹಿಡಿದುಕೊಂಡು ಬಂದರು. ಕೆಲಸಗಾರರ ಎದುರಿಗೆ ಗಿರಾಕಿಯ ಹತ್ತಿರ ಹಣದ ಮಾತು ಆಡಬಾರದು, ಆಡಿದರೆ ಇಬ್ಬರಿಗೂ ಬಗ್ಗಲು ಆಗುವುದಿಲ್ಲ ಎಂಬುದು ಅವರ ಅಭಿಪ್ರಾಯ. ಬಾಗಿಲಲ್ಲೇ ಅವರು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ: "ಮೇಡಂ, ಒಟ್ಟು ಮೊತ್ತದ ಮೇಲೆ ಮಾತಾಡಿದ್ರೆ ಬೆಳಗಾದ್ರೂ ಮುಗಿಯಲ್ಲ. ಸಾರ್ ಒಂದು ತುದಿ ಹಿಡ್ಕೊಳ್ಳಲಿ, ನಾನೊಂದು ತುದಿ ಹಿಡ್ಕೊತೀನಿ, ನೀವು ಬರ್ಕೊಳ್ಳಿ."

ಹಾಗೆಯೇ ಮಾಡಿದೆವು. ಅಳತೆಯನ್ನು ಅವರು ಓದಿ ಹೇಳುವುದು, ನಮ್ಮ ಯಜಮಾನರು ನೋಡಿ ಹೌದೆನ್ನುವುದು, ನಾನು ಬರೆದುಕೊಳ್ಳುವುದು. ಕಾಗದದಲ್ಲಿ ಮೂರು ಕಲಂ ಎಳೆದಿದ್ದೆವು: ಅವರ ಬಿಲ್ಲಿನ ಅಳತೆ, ಈಗ ಬಂದ ಅಳತೆ, ದರ. ಮೇಲಿನ ಕಬೋರ್ಡು 11 ಅಡಿ ಉದ್ದ 2 ಅಡಿ ಎತ್ತರ, 22 ಚದರಡಿ. ವಾರ್ಡ್‌ರೋಬು ಏಳಕ್ಕೆ ಏಳು, 49 ಚದರಡಿ. ಇವೆರಡೂ ಬಿಲ್ಲಿನಲ್ಲಿದ್ದಂತೆಯೇ ಬಂದವು. ಮೂರು ಟ್ಯಾಂಡಮ್ ಡ್ರಾಯರಿಗೆ 13,500 ಮತ್ತು ಪುಲ್‌ಔಟಿಗೆ 6,000 ಎಂಬುದಕ್ಕೂ ನಮ್ಮ ತಕರಾರು ಇರಲಿಲ್ಲ. ಅಷ್ಟು ಹೊತ್ತಿಗೆ, ಇಡೀ ಬಿಲ್ಲೇ ತಪ್ಪು ಎಂಬಂತೆ ಕಾಣುತ್ತಿದ್ದದ್ದು ಮೂರೇ ಮೂರು ಸಾಲುಗಳಿಗೆ ಇಳಿದಿತ್ತು.

ಮೊದಲನೆಯದು ಅಡುಗೆಮನೆಯ ಮೂಲೆ. ನಮ್ಮದು ಎಲ್ ಆಕಾರದ ಕಟ್ಟೆ. ಒಂದು ತೋಳು 9 ಅಡಿ, ಇನ್ನೊಂದು 7 ಅಡಿ. ಬಿಲ್ಲಿನಲ್ಲಿ ಎರಡನ್ನೂ ಗೋಡೆಯ ಮೂಲೆಯಿಂದಲೇ ಹಿಡಿದು 16 ಅಡಿ ಎಂದು ಬರೆದಿದ್ದರು. ಆದರೆ ಕಬೋರ್ಡಿನ ಆಳ 2 ಅಡಿ ಇರುವುದರಿಂದ ಮೂಲೆಯ ಆ 2 ಅಡಿ ಎರಡೂ ತೋಳಿನಲ್ಲಿ ಸೇರಿಕೊಂಡಿತ್ತು. ಕಬೋರ್ಡಿನ ಎತ್ತರ 2 ಅಡಿ 9 ಅಂಗುಲ, ಅಂದರೆ ಐದೂವರೆ ಚದರಡಿ ಎರಡು ಸಲ ಲೆಕ್ಕವಾಗಿತ್ತು. ಹಣದಲ್ಲಿ 7,975 ರೂಪಾಯಿ. ಆಚಾರ್ರು ನೆಲದ ಮೇಲೆ ಚಾಕ್‌ಪೀಸಿನಿಂದ ಎಲ್ ಬರೆದು, ಮೂಲೆಯ ಚೌಕಕ್ಕೆ ಗೆರೆ ಹಾಕಿ, 'ಹೌದು, ಇದು ಎರಡು ಸಲ ಬಂದಿದೆ' ಎಂದು ತಾವೇ ಹೇಳಿದರು. ಆನಂತರ ಮೂಲೆಯ ಶಟರನ್ನು ತೆರೆದು ತೋರಿಸಿದರು. ಅದು ಎರಡು ಮಡಿಕೆಯಾಗಿ ತೆರೆದುಕೊಳ್ಳುವ ಬಾಗಿಲು, ಅದರ ಹಿಂಜು ಸಾಮಾನ್ಯ ಹಿಂಜಿಗಿಂತ ದುಬಾರಿ. ಒಳಗೆ ಒಂದು ಹೆಚ್ಚಿನ ಅಡ್ಡಹಲಗೆಯನ್ನೂ ಕೊಟ್ಟಿದ್ದರು. ಅವೆರಡೂ ಬಿಲ್ಲಿನ ಬೇರೆ ಯಾವ ಸಾಲಿನಲ್ಲೂ ಇರಲಿಲ್ಲ. ಹಿಂಜು ತಂದ ಅಂಗಡಿಯ ರಸೀದಿ ನೋಡಿ, ಅಡ್ಡಹಲಗೆಯ ಪ್ಲೈವುಡ್ಡನ್ನೂ ಸೇರಿಸಿ 2,500 ಎಂದು ಒಪ್ಪಿಕೊಂಡೆವು. ಚದರಡಿಯ ಲೆಕ್ಕದಲ್ಲಿ ಕೆಲಸ ಮಾಡಿಸುವವರು ಎಲ್ ಅಥವಾ ಯು ಆಕಾರದ ಅಡುಗೆಮನೆಯಲ್ಲಿ ಈ ಮೂಲೆಯ ವಿಷಯವನ್ನು ಮೊದಲ ದಿನವೇ ಕೇಳಿಕೊಳ್ಳುವುದು ಅವಶ್ಯ. ಮೂಲೆಯನ್ನು ಎರಡು ಸಲ ಅಳೆಯುವವರೆಲ್ಲ ಮೋಸಗಾರರೇನಲ್ಲ. ಮೂಲೆಯ ಕೆಲಸ ಹೆಚ್ಚು ಸಮಯ ತಿನ್ನುತ್ತದೆ ಎಂದು ಹಾಗೆ ಹಿಡಿಯುವವರೂ ಇದ್ದಾರೆ. ಅದನ್ನು ಬಿಲ್ಲು ಬಂದ ದಿನ ತಿಳಿದುಕೊಂಡರೆ ಯಾರಿಗೂ ಸರಿ ಎನಿಸುವುದಿಲ್ಲ.

ಎರಡನೆಯದು ಲಾಫ್ಟು. 14 ಚದರಡಿಗೆ ಪೂರ್ತಿ 1,450ರ ದರ ಹಾಕಿದ್ದರು. ಬಾಯಿಮಾತಿನಲ್ಲಿ 850 ಎಂದಿದ್ದರೆಂಬುದು ನಮ್ಮ ವಾದ. ಅವರಿಗೆ ಹಾಗೆ ಹೇಳಿದ ನೆನಪಿರಲಿಲ್ಲ. ಯಾರ ನೆನಪು ಸರಿ ಎಂಬ ಪ್ರಶ್ನೆಯನ್ನು ಅವರು ಎತ್ತಲೇ ಇಲ್ಲ. ಏಣಿ ಹಾಕಿ ಮೇಲೆ ಹತ್ತಿ, ಅಲ್ಲಿ ಏನು ಇದೆ ಎಂದು ನೋಡಿ ಹೇಳಿದರು: ಕೆಳಗೆ ಸಿಮೆಂಟಿನ ಸಜ್ಜಾ, ಹಿಂದೆ ಗೋಡೆ, ಮುಂದೆ ಮಾತ್ರ ಚೌಕಟ್ಟು ಮತ್ತು ಶಟರು. ತಳವೂ ಬೆನ್ನೂ ಇಲ್ಲದ ಕೆಲಸಕ್ಕೆ ಪೆಟ್ಟಿಗೆಯ ದರ ಹಿಡಿಯುವುದು ಸರಿಯಲ್ಲವೆಂದು 850ಕ್ಕೇ ಒಪ್ಪಿದರು. 8,400 ರೂಪಾಯಿ ಅಲ್ಲಿ ಇಳಿಯಿತು. ಬರವಣಿಗೆಯಲ್ಲಿ ಇಲ್ಲದ ಮಾತಿನ ವಿಷಯದಲ್ಲಿ, ಕಣ್ಣಿಗೆ ಕಾಣುವ ಕೆಲಸವನ್ನೇ ಸಾಕ್ಷಿಯಾಗಿ ಹಿಡಿಯುವ ಈ ಕ್ರಮ ನನಗೆ ತುಂಬಾ ಹಿಡಿಸಿತು.

ಮೂರನೆಯದು ಮುಂಬಾಗಿಲ ಪಕ್ಕದ ಚಪ್ಪಲಿ ಸ್ಟ್ಯಾಂಡು. ಕೆಲಸ ನಡೆಯುತ್ತಿದ್ದಾಗ ನಮ್ಮ ಅತ್ತೆಯವರು "ಉಳಿದಿರೋ ಹಲಗೇಲಿ ಇಲ್ಲೊಂದು ಮಾಡಿಕೊಡಪ್ಪ" ಎಂದು ಹೇಳಿದ್ದರು, ಅವರು ಮಾಡಿಕೊಟ್ಟಿದ್ದರು. ದರದ ಮಾತು ಅಲ್ಲಿ ಬಂದಿರಲಿಲ್ಲ. ಅತ್ತೆಯವರ ತಿಳಿವಳಿಕೆಯಲ್ಲಿ ಅದು ಉಳಿದ ಮಾಲಿನಲ್ಲಿ ಆದದ್ದು, ಆದ್ದರಿಂದ ಬಿಟ್ಟಿ. ಆಚಾರ್ರ ಬಿಲ್ಲಿನಲ್ಲಿ ಅದು 12 ಚದರಡಿ, 17,400 ರೂಪಾಯಿ. ಇಲ್ಲಿ ನ್ಯಾಯ ಬಹುಪಾಲು ಅವರ ಕಡೆಗಿತ್ತು ಎಂಬುದೇ ನನ್ನ ನಿಲುವು. 1872ರ ಒಪ್ಪಂದ ಕಾಯ್ದೆಯ 70ನೇ ಕಲಂ ಇದನ್ನೇ ಹೇಳುತ್ತದೆ: ಒಬ್ಬರು ಇನ್ನೊಬ್ಬರಿಗಾಗಿ ಪುಕ್ಕಟೆ ಮಾಡುವ ಉದ್ದೇಶವಿಲ್ಲದೆ ನ್ಯಾಯಬದ್ಧವಾಗಿ ಒಂದು ಕೆಲಸ ಮಾಡಿಕೊಟ್ಟು, ಇನ್ನೊಬ್ಬರು ಅದರ ಪ್ರಯೋಜನ ಪಡೆದರೆ, ಪಡೆದವರು ಅದಕ್ಕೆ ತಕ್ಕ ಪರಿಹಾರ ಕೊಡಬೇಕು. ದರ ಮಾತಾಗಿರಲಿಲ್ಲ ಎಂಬ ಕಾರಣಕ್ಕೆ ಕೂಲಿಯವನ ಕೆಲಸ ಉಚಿತವಾಗುವುದಿಲ್ಲ. ಹಲಗೆ ಉಳಿದದ್ದಾದರೂ ಅದು ಅವರ ಹಣದಲ್ಲಿ ತಂದದ್ದು. ಕೊಯ್ದು, ಮೈಕಾ ಅಂಟಿಸಿ, ಅಂಚು ಕಟ್ಟಿದ ಕೈಗಳಿಗೂ ಅಂದು ಕೂಲಿ ಕೊಟ್ಟಿರುತ್ತಾರೆ. ಸ್ಟ್ಯಾಂಡಿಗೆ ಬೆನ್ನಿನ ಹಲಗೆ ಇರಲಿಲ್ಲ, ಒಳಗೆ ಮೈಕಾ ಇರಲಿಲ್ಲ. ಹೀಗಾಗಿ ಚದರಡಿಗೆ 1,100ರಂತೆ 13,200 ಎಂದು ತೀರ್ಮಾನವಾಯಿತು.

ಹೀಗೆ ಒಟ್ಟು ಬಿಲ್ಲು 2,05,875ಕ್ಕೆ ಬಂದು ನಿಂತಿತು, ಬಾಕಿ 65,875. ಲೆಕ್ಕ ಹಾಕಿ ನೋಡಿದರೆ ಇದು ಅವರ ಬೇಡಿಕೆ ಮತ್ತು ನಮ್ಮ ಲೆಕ್ಕದ ನಡುಮಧ್ಯಕ್ಕೆ ಹತ್ತಿರವೇ ಇದೆ. ಆದರೂ ಸುಮ್ಮನೆ ಮಧ್ಯಕ್ಕೆ ಕಡಿದುಕೊಂಡದ್ದಕ್ಕೂ ಇದಕ್ಕೂ ಇರುವ ಅಂತರ ದೊಡ್ಡದು. ಪ್ರತಿಯೊಂದು ಸಾವಿರವೂ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂಬುದು ಇಬ್ಬರಿಗೂ ಗೊತ್ತಿದೆ.

ಈ ಮೂರು ಸಾಲುಗಳು ಒಂದೇ ಸಂಜೆಗೆ ತೀರಲಿಲ್ಲ. ಅವುಗಳ ಕೊನೆಯ ಲೆಕ್ಕ ಮುಂದಕ್ಕೆ ಹೋಯಿತು. ಆದರೆ ಅಂದೇ ಅವರು ಒಂದು ಬೇಡಿಕೆ ಇಟ್ಟರು: ತಕರಾರು ಇಲ್ಲದ ಹಣವನ್ನು ಈಗ ಕೊಡಿ, ತಕರಾರು ಇರುವುದನ್ನು ಆಮೇಲೆ ಮಾತಾಡೋಣ. ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು. ಶನಿವಾರ ಬಟವಾಡೆಯ ದಿನ. ಹುಡುಗರಿಗೆ ವಾರದ ಕೂಲಿ ಕೊಡಲೇಬೇಕು. ಪ್ಲೈವುಡ್ ಅಂಗಡಿಯವರು ಸಾಲದ ಮೇಲೆ ಮಾಲು ಕೊಟ್ಟಿರುತ್ತಾರೆ, ಗಿರಾಕಿ ಮೂವತ್ತು ಸಾವಿರದ ತಕರಾರಿಗೆ ಎಂಬತ್ತು ಸಾವಿರ ತಡೆದರೆ ಅವರು ಎಲ್ಲಿಂದ ತರಬೇಕು? ಈ ಮಾತು ಪ್ರತಿ ಮನೆಯವರೂ ಯೋಚಿಸಬೇಕಾದದ್ದು ಎಂದು ನನಗೆ ಬಲವಾಗಿ ಅನಿಸುತ್ತದೆ. ಒಪ್ಪಿದ ಹಣವನ್ನೂ ಒತ್ತಡಕ್ಕಾಗಿ ತಡೆದಿಡುವುದು ನಮ್ಮಲ್ಲಿ ಜಾಣತನವೆಂದು ನಡೆದು ಬಂದಿದೆ. ಆ ಒತ್ತಡ ಮಾಲೀಕನ ಮೇಲೆ ಬೀಳುವ ಮೊದಲು ಅವನ ಕೈಕೆಳಗಿನ ಕೂಲಿಯವರ ಮೇಲೆ ಬೀಳುತ್ತದೆ. ನಮ್ಮ ಕಡೆಯಿಂದ ಒಂದು ಷರತ್ತು ಹಾಕಿದೆವು: ಒಂದು ಶಟರಿನ ಅಂಚಿಗೆ ಅಂಟಿಸಿದ ಪಟ್ಟಿ (ಬ್ಯಾಂಡಿಂಗ್) ಎದ್ದಿತ್ತು, ಒಂದು ಡ್ರಾಯರು ಬಿಗಿಯಾಗಿ ಎಳೆಯುತ್ತಿತ್ತು, ಅವು ಸರಿಯಾಗುವವರೆಗೆ 5,000 ಹಿಡಿದಿಟ್ಟುಕೊಳ್ಳುತ್ತೇವೆ ಎಂದು. ಅವರು ಒಪ್ಪಿದರು. 45,175 ರೂಪಾಯಿ ಅಂದೇ ಕಳಿಸಿದೆವು. ಅವರು ಕೊಟ್ಟ ರಸೀದಿಯಲ್ಲಿ 'ಒಪ್ಪಿದ ಬಾಬ್ತಿಗೆ ಬಂದ ಹಣ. ಮೂಲೆ, ಲಾಫ್ಟು, ಚಪ್ಪಲಿ ಸ್ಟ್ಯಾಂಡಿನ ಲೆಕ್ಕ ಬಾಕಿ ಇದೆ' ಎಂದು ಬರೆದು ಸಹಿ ಹಾಕಿದರು. ಈ ಒಂದು ಸಾಲು ಬಹಳ ಮುಖ್ಯ. ಅದಿಲ್ಲದಿದ್ದರೆ ಕೊಟ್ಟವರು 'ಎಲ್ಲ ಕೊಟ್ಟಾಯಿತು' ಎನ್ನಬಹುದು, ತೆಗೆದುಕೊಂಡವರು 'ಪೂರ್ತಿ ಬಿಲ್ಲು ಒಪ್ಪಿಯೇ ಕೊಟ್ಟರು' ಎನ್ನಬಹುದು.

ಮಾತುಕತೆ ಬಾಕಿ ಇದ್ದ ದಿನಗಳಲ್ಲೇ ಅವರ ಹುಡುಗ ಬಂದು ಅಂಚನ್ನು ಹೊಸದಾಗಿ ಕಟ್ಟಿ, ಡ್ರಾಯರಿನ ಚಾನೆಲ್ ಸರಿಮಾಡಿ ಹೋದ. ಹಣ ಪೂರ್ತಿ ಬಾರದೆ ಕೈ ಹಚ್ಚುವುದಿಲ್ಲ ಎಂಬ ಮಾತು ಬರಲಿಲ್ಲ. ಕೊನೆಯ 20,700 ರೂಪಾಯಿ ಕೊಟ್ಟ ದಿನ ಒಂದು ಹಾಳೆಯಲ್ಲಿ ಎಲ್ಲ ಅಳತೆ, ದರ, ಬಂದ ಹಣ ಬರೆದು, ಕೆಳಗೆ 'ಲೆಕ್ಕ ಚುಕ್ತಾ' ಎಂದು ಹಾಕಿ, ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಂಡೆವು. ಹಿಂಜು ಮತ್ತು ಚಾನೆಲ್‌ಗಳ ಕಂಪನಿಯ ವಾರಂಟಿ ಚೀಟಿಗಳನ್ನೂ ಅದರ ಜೊತೆ ಕೊಟ್ಟರು.

ಒಂದು ವೇಳೆ ಅವರು ಹೀಗೆ ನಡೆದುಕೊಳ್ಳದಿದ್ದರೆ ನಮಗಿದ್ದ ದಾರಿಗಳನ್ನೂ ಹೇಳಬೇಕು, ಏಕೆಂದರೆ ಈ ಅಂಗಡಿಯ ಕ್ರಮದ ಬೆಲೆ ತಿಳಿಯುವುದು ಅವುಗಳ ಪಕ್ಕದಲ್ಲಿಟ್ಟು ನೋಡಿದಾಗ. ಹಣ ಕೊಟ್ಟು ಮಾಡಿಸಿಕೊಂಡ ಕೆಲಸದಲ್ಲಿ ಕೊರತೆಯಿದ್ದರೆ ಗಿರಾಕಿಯು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತುಮಕೂರಿನಲ್ಲೇ ಇರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದವರೆಗಿನ ದೂರುಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಹೋಗಬೇಕು. ಕೆಲಸ ಮಾಡಿದವರು ಬೇರೆ ಊರಿನವರಾಗಿದ್ದರೂ ಗಿರಾಕಿ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಅದಕ್ಕೂ ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ ಸಲಹೆ ಕೇಳಬಹುದು.

ಕೆಲಸ ಮಾಡಿದವರ ಕಡೆಯಿಂದ ನೋಡಿದರೆ ಈ ಬಾಗಿಲು ಅವರಿಗೆ ತೆರೆಯುವುದಿಲ್ಲ. ತನ್ನ ಕೂಲಿ ಬಾಕಿಗಾಗಿ ಬಂದ ಬಡಗಿ ಅಲ್ಲಿ ಗ್ರಾಹಕನಲ್ಲ. ಅವನು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ಹಣ ಕೊಡುವ ದಿನ ಗೊತ್ತುಮಾಡಿರದಿದ್ದರೆ ಕೆಲಸ ಮುಗಿದ ದಿನದಿಂದ 3 ವರ್ಷದ ಕಾಲಮಿತಿ ಅವನಿಗೆ ಇದೆ. ಆದರೆ ಮೂವತ್ತು ಸಾವಿರಕ್ಕೆ ದಾವೆ ಹೂಡಿ ದಿನದ ಕೆಲಸ ಬಿಟ್ಟು ಅಲೆಯುವುದು ಸಣ್ಣ ಅಂಗಡಿಯವರಿಗೆ ಎಟುಕುವ ಮಾತಲ್ಲ. ಇಬ್ಬರಿಗೂ ಸಮಾನವಾಗಿ ತೆರೆದಿರುವುದು ಪ್ರತಿ ಜಿಲ್ಲೆಯಲ್ಲೂ ಇರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಕೇಸು ಹಾಕುವ ಮೊದಲೇ, ವ್ಯಾಜ್ಯಪೂರ್ವ ಪ್ರಕರಣವೆಂದು ಅಲ್ಲಿ ಅರ್ಜಿ ಕೊಟ್ಟರೆ ಇನ್ನೊಂದು ಕಡೆಯವರಿಗೆ ತಿಳಿವಳಿಕೆ ಪತ್ರ ಹೋಗುತ್ತದೆ, ಇಬ್ಬರೂ ಬಂದು ಕುಳಿತು ಮಾತಾಡಬಹುದು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ, 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 21ನೇ ಕಲಂ ಪ್ರಕಾರ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ತೀರ್ಪಿನ ಆದೇಶದ, ಬಲವಿರುತ್ತದೆ, ಮೇಲ್ಮನವಿ ಇರುವುದಿಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನ. ಒಬ್ಬರು ಒಪ್ಪದಿದ್ದರೆ ಅದಾಲತ್ತು ತಾನಾಗಿ ಹಣ ಕೊಡಿಸಲಾರದು. ವಿವರಕ್ಕೆ 15100 ಸಹಾಯವಾಣಿ ಇದೆ. ನಮ್ಮ ಮಾತು ಮುರಿದಿದ್ದರೆ ಅಲ್ಲಿಗೆ ಹೋಗೋಣವೆಂದು ಆಚಾರ್ರೇ ಸೂಚಿಸಿದ್ದರು. ಮರಗೆಲಸದ ಅಂಗಡಿಯವರ ಬಾಯಲ್ಲಿ ಆ ಮಾತು ಕೇಳಿ ನನಗೆ ಅವರ ಮೇಲೆ ಭರವಸೆ ಹೆಚ್ಚಿತು. ತನ್ನ ಲೆಕ್ಕವನ್ನು ಮೂರನೆಯವರ ಮುಂದೆ ಇಡಲು ಹಿಂಜರಿಯದವರು ಅಂಥ ಮಾತು ಆಡುತ್ತಾರೆ.

ಇನ್ನು ಕೊರತೆಗಳು. ಎಲ್ಲಕ್ಕಿಂತ ದೊಡ್ಡದು ಅವರ ಅಂದಾಜು ಪಟ್ಟಿ. ಅದು ಲೆಕ್ಕದ ಪುಸ್ತಕದಿಂದ ಹರಿದ ಒಂದು ಹಾಳೆ. ಮೂಲೆಯ ವಿಷಯ, ಲಾಫ್ಟಿನ ದರ, ಹೆಚ್ಚುವರಿ ಕೆಲಸಕ್ಕೆ ಯಾರು ಹೇಳಬೇಕು ಎಂಬುದು ಯಾವುದೂ ಅದರಲ್ಲಿ ಇರಲಿಲ್ಲ. ತಕರಾರನ್ನು ಅವರು ಚೆನ್ನಾಗಿ ತೀರಿಸಿದರು ಎಂಬುದು ಎಷ್ಟು ನಿಜವೋ, ಆ ಹಾಳೆ ಸರಿಯಾಗಿದ್ದರೆ ತಕರಾರೇ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಯುಗಾದಿಯ ಆಸುಪಾಸಿನಲ್ಲಿ ಕೆಲಸಗಾರರು ಊರಿಗೆ ಹೋಗಿ ತಡವಾಯಿತು; ಅದನ್ನು ಮೊದಲೇ ಹೇಳಿದ್ದರೆ ನಾವು ಗೃಹಪ್ರವೇಶದ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತಿದ್ದೆವು. ಹಾರ್ಡ್‌ವೇರ್ ಅಂಗಡಿಯ ಮೂಲ ರಸೀದಿಗಳು ಕೇಳಿದ ನಂತರವೇ ಬಂದವು. ಲಾಫ್ಟಿನ ಶಟರಿನ ಮೈಕಾದ ಬಣ್ಣ ವಾರ್ಡ್‌ರೋಬಿನ ಬಣ್ಣಕ್ಕಿಂತ ಕೂದಲೆಳೆಯಷ್ಟು ಗಾಢವಾಗಿದೆ, ಹಗಲು ಬೆಳಕಿನಲ್ಲಿ ತಿಳಿಯುತ್ತದೆ. ಅವರ ಬಿಲ್ಲಿನಲ್ಲಿ ಜಿಎಸ್‌ಟಿ ಇರಲಿಲ್ಲ. ಅವರು ನೋಂದಣಿ ಮಾಡಿಸಿಲ್ಲ. ನೋಂದಣಿ ಇಲ್ಲದವರು ತೆರಿಗೆ ವಸೂಲು ಮಾಡುವಂತಿಲ್ಲವಾದ್ದರಿಂದ ಅದು ಸರಿಯಾದ ಕ್ರಮವೇ. ಬೇರೆ ಕಡೆ ನೋಂದಣಿ ಸಂಖ್ಯೆ ಇಲ್ಲದ ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಒಂದು ಸಾಲು ಕಂಡರೆ ಪ್ರಶ್ನೆ ಕೇಳಿ.

ದೊಡ್ಡ ಷೋರೂಮಿನ ಚಿತ್ರಗಳು, ಕಂಪ್ಯೂಟರಿನಲ್ಲಿ ಮೂರು ಆಯಾಮದ ವಿನ್ಯಾಸ, ಯಂತ್ರದಲ್ಲಿ ಕೊಯ್ದ ಅಂಚು ಬೇಕೆನ್ನುವವರಿಗೆ ಈ ಅಂಗಡಿ ಒಗ್ಗುವುದಿಲ್ಲ. ಅವರ ಹತ್ತಿರ ಬಣ್ಣದ ಮಾದರಿಗಳ ಪುಸ್ತಕ ಒಂದೇ ಇದೆ, ವಿನ್ಯಾಸವನ್ನು ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದು ತೋರಿಸುತ್ತಾರೆ. ಎದುರಿಗೆ ನಿಂತು ಮಾತಾಡಿ, ಮಾಲು ಕಣ್ಣಾರೆ ನೋಡಿ, ಗಟ್ಟಿ ಕೆಲಸ ಮಾಡಿಸಿಕೊಳ್ಳಬೇಕೆನ್ನುವವರಿಗೆ ಧಾರಾಳವಾಗಿ ಹೇಳಬಲ್ಲೆ.

ಗುಬ್ಬಿಯಲ್ಲಿರುವ ನನ್ನ ತಂಗಿಯ ಮನೆಯ ಕೆಲಸವನ್ನೂ ಈಗ ಇವರಿಗೇ ಒಪ್ಪಿಸಿದ್ದೇವೆ. ಈ ಸಲದ ಅಂದಾಜು ಪಟ್ಟಿ ಎರಡು ಹಾಳೆಯಾಗಿದೆ. ಮೂಲೆಯನ್ನು ಒಂದೇ ಸಲ ಅಳೆಯುವುದು, ಮಡಚುವ ಶಟರಿನ ಹಿಂಜಿಗೆ ಬೇರೆ ದರ, ಲಾಫ್ಟಿಗೆ ಬೇರೆ ದರ ಎಂದು ಬಿಡಿಸಿ ಬರೆದಿದ್ದಾರೆ. ಹೆಚ್ಚುವರಿ ಕೆಲಸಕ್ಕೆ ನನ್ನ ತಂಗಿ ಅಥವಾ ಅವಳ ಯಜಮಾನರು ವಾಟ್ಸಾಪಿನಲ್ಲಿ ಒಪ್ಪಿಗೆ ಕಳಿಸಿದರೆ ಮಾತ್ರ ಕೈ ಹಚ್ಚುವುದಾಗಿ ಕೊನೆಯ ಸಾಲಿನಲ್ಲಿದೆ. ಆ ಸಾಲನ್ನು ಸೇರಿಸಿದವರು ಆಚಾರ್ರೇ.